ಗೇಣುದ್ದದ ಕಪಾತು

ಸುಂಟಿಕೊಪ್ಪದ ಲೈನ್ ಮನೆಯ ಹಿಂದೆ
ಒಗೆಯುವ ಕಲ್ಲಿನ ಮೇಲೊಂದು ತಟ್ಟೆ,
ತಟ್ಟೆಯಲ್ಲೊಂದು ಮರ.
ಒಂದು ಗೇಣು, ಮೇಲೆ ನಾಲ್ಕು ಬೆರಳು.
ಹೆಸರು ಮೇಪಲ್ ಅಂತೆ.
ನಾನು ಕರೆಯುವುದು ಕುಳ್ಳ ಎಂದು.

ತೋಟದ ಚೋಂದವ್ವ ಕೊಟ್ಟದ್ದು.
ರಾಜಾಸೀಟಿನ ಹೂವಿನ ಪ್ರದರ್ಶನದಲ್ಲಿ ಕೊಂಡು
ಎರಡು ಮಳೆಗಾಲ ನೆನೆಸಿ, ಬೇರು ಕೊಳೆಸಿ,
‘ಐತಪ್ಪ, ನಿನಗೆ ಕಪಾತು ಗೊತ್ತಲ್ಲ, ನೋಡು’ ಎಂದು
ಜೀಪಿನಿಂದ ಇಳಿಸಿ ಹೋದರು.

ಗೊತ್ತು. ಮೂವತ್ತೊಂದು ವರ್ಷ
ಸಿಲ್ವರ್ ಮರ, ಹಾಲುವಾಣ, ಅತ್ತಿ, ಬಳಂಜಿ.
ಸೊಂಟಕ್ಕೆ ಕತ್ತಿ, ಎದೆಗೆ ಹಗ್ಗ,
ಅರವತ್ತಡಿ ಮೇಲೆ ನಿಂತು
ನೆರಳಿಗೆ ಕಿಂಡಿ ಕೊರೆದವನು ನಾನು.
ಕೆಳಗೆ ಹಗ್ಗದ ಇನ್ನೊಂದು ತುದಿಯಲ್ಲಿ ಮೊಯ್ದು;
ಅವನ ಬಿಳಿ ಟೊಪ್ಪಿ ಅಲ್ಲಿಂದ
ಒಂದು ಕಾಫಿ ಹೂವಿನಷ್ಟು ಕಾಣುತ್ತಿತ್ತು.

ಇಲ್ಲಿ ಕತ್ತಿ ನಡೆಯುವುದಿಲ್ಲ.
ಟೈಲರ್ ಅಂಗಡಿಯಿಂದ ಬೇಡಿ ತಂದ
ನೂಲು ಕತ್ತರಿಸುವ ಕತ್ತರಿ.
ಮಣ್ಣೂ ನಡೆಯುವುದಿಲ್ಲ,
ಹೆಂಚು ಕುಟ್ಟಿ ಜರಡಿ ಹಿಡಿದ ಚೂರು,
ಸ್ವಲ್ಪ ಹೊಳೆ ಮರಳು, ನೀರು ನಿಲ್ಲಬಾರದು.
ಆಟಿ ತಿಂಗಳಿಡೀ ಅದು ನಮ್ಮ ಜೊತೆ ಸೂರಿನಡಿ,
ಒಣಗದ ಬಟ್ಟೆಗಳ ಕೆಳಗೆ.

ಈ ಮರಕ್ಕೊಂದು ಹಟ: ಹುಟ್ಟುವುದೆಲ್ಲ ಜೋಡಿ.
ಐದು ಬೆರಳಿನ ಎಲೆಗೆದುರು ಐದು ಬೆರಳಿನ ಎಲೆ,
ಕೊಂಬೆಗೆದುರು ಕೊಂಬೆ,
ಗದ್ದೆಯ ಬೆದರುಬೊಂಬೆ ತೋಳು ಚಾಚಿದ ಹಾಗೆ.
ಎರಡನ್ನೂ ಬಿಟ್ಟರೆ ಸೇರುವಲ್ಲಿ ಗಂಟು ಊದುತ್ತದೆ.
ಒಂದನ್ನು ತೆಗೆಯಬೇಕು.
ಇಲ್ಲಿ ಎಡದ್ದು, ಅದರ ಮೇಲೆ ಬಲದ್ದು.
ಹಾಗೆ ತೆಗೆದರೇ ಡೊಂಕು, ಡೊಂಕಿದ್ದರೇ ವಯಸ್ಸು,
ನೂರು ವರ್ಷ ಗಾಳಿಗೆ ನಿಂತವನ ಗತ್ತು.
ಮೊದಲ ವರ್ಷ ಉಳಿಸಬೇಕಾದದ್ದನ್ನೇ ಕಡಿದೆ.
ಅರಿಶಿನ, ಜೇನುಮೇಣ ಕಲಸಿ ಹಚ್ಚಿದೆ.
ಆ ಗಾಯ ಈಗಲೂ ತುಟಿ ಮುಚ್ಚುತ್ತಲೇ ಇದೆ,
ಅವಸರವಿಲ್ಲ ಅದಕ್ಕೆ.

‘ಕೆಂಪಾಯ್ತಾ?’ ಫೋನಿನಲ್ಲಿ ಚೋಂದವ್ವ.
ಆಗುವುದಿಲ್ಲ. ನಮ್ಮ ಚಳಿ ಅದಕ್ಕೆ ಸಾಲದು.
ಎಲೆಯಂಚಿಗೆ ಬೀಡಿ ತಾಗಿಸಿದಂತೆ ಕಂದು,
ನಡುವೆ ಮೊಂಡು ಹಸಿರು,
ಜನವರಿವರೆಗೂ ಉದುರದೆ ಜೋತುಬಿದ್ದು.
ಹೋದ ವರ್ಷ ಮಾತ್ರ ಒಂದು,
ಒಂದೇ ಒಂದು ಎಲೆ,
ಕುಯ್ಲಿಗೆ ಬಂದ ಹಣ್ಣಿನ ಹಾಗೆ ಕೆಂಪಾಯಿತು.
ಸುಂದರಿ ಅದನ್ನು ರೇಷನ್ ಕಾರ್ಡಿನೊಳಗೆ ಇಟ್ಟಿದ್ದಾಳೆ.
ಚೋಂದವ್ವನಿಗೆ ಹೇಳಿಲ್ಲ.

ಮುರಿದದ್ದು ಸೊಂಟ, ನಡುಗುವುದು ಬಲಗೈ.
ಯಾಕೆಂದು ಮಡಿಕೇರಿಯ ಡಾಕ್ಟರಿಗೂ ತಿಳಿಯಲಿಲ್ಲ.
ಶುಕ್ರವಾರ ನಮಾಜು ಮುಗಿಸಿ ಮೊಯ್ದು ಬರುತ್ತಾನೆ,
ಮತ್ತಿಯ ಚೀಲ ಬೇಲಿಗೂಟಕ್ಕೆ ತೂಗುಹಾಕಿ
‘ನನ್ನ ಆಡಿಗೆ ಇದು ಒಂದು ಬಾಯಿ’ ಎಂದು ನಗುತ್ತಾನೆ.
ಆ ಮೇ ತಿಂಗಳ ಬೆಳಿಗ್ಗೆ ಹಗ್ಗ
ನನ್ನ ಗಂಟಿನಿಂದ ಬಿಚ್ಚಿತೋ,
ಅವನ ಕೈಯಿಂದ ಜಾರಿತೋ,
ನಾನು ಕೇಳಿಲ್ಲ. ಅವನು ಹೇಳಿಲ್ಲ.
ಅವನ ಎರಡೂ ಅಂಗೈಗಳಿಗೆ ಅಡ್ಡವಾಗಿ
ಒಂದೊಂದು ಗೆರೆ ಇದೆ, ಹುಟ್ಟುಗೆರೆಯಲ್ಲ,
ಸುಟ್ಟು ಮಾಗಿ ಹೊಳೆಯುವಂಥದ್ದು.
ಕೊಂಬೆ ಬಗ್ಗಿಸಲು ಸುತ್ತಿದ ತಂತಿ
ವಾಯಿದೆ ಮೀರಿದರೆ ತೊಗಟೆಗೆ ಇಳಿಯುತ್ತದೆ.
ಬಿಚ್ಚಿದ ಮೇಲೂ ಹಾಗೇ ಕಾಣುತ್ತಿರುತ್ತದೆ.

ಇವತ್ತು ತುದಿಯ ಜೋಡಿ.
ಕತ್ತರಿ ಎತ್ತಿದೆ, ಕೈ ಎಲೆಯಾಯಿತು.
ಮೊಯ್ದು ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತ,
ಕನ್ನಡಕ ಒರೆಸಿಕೊಂಡ,
ಎರಡೇ ಬೆರಳಲ್ಲಿ ಕೊಂಬೆ ಹಿಡಿದ.
ಆಮೇಲೆ ಹಳೆಯ ದನಿಯಲ್ಲಿ,
ಅರವತ್ತಡಿ ಮೇಲಿದ್ದವನಿಗೆ ಕೇಳಬೇಕೆಂಬಷ್ಟು ಜೋರಾಗಿ:
‘ಹಿಡಿದಿದ್ದೀನಿ. ಕಡಿ!’

ಒಳಗಿಂದ ಸುಂದರಿ ಹೊಸಿಲಿಗೆ ಓಡಿ ಬಂದಳು,
‘ಅಯ್ಯೋ, ಈಗ ಮರ ಹತ್ತಿದ್ದು ಯಾರು?’