ಹತಾರ

ಬಾಗಲಕೋಟೆಯ ಕಚೇರಿಯಲ್ಲಿ ದೀಪ ಹಚ್ಚುವ ಹೊತ್ತಿಗೆ
ಕಾಲುಚೀಲ ಕಳಚಿ, ಕೆಂಪು ಪಾದ ನೀರಲ್ಲಿ ಅದ್ದಿ
ವಿದರ್ ಸಾಹೇಬ ಕನ್ನಡ ಕಲಿಯುತ್ತಿದ್ದ.
ಇಪ್ಪತ್ತಾರರ ಹುಡುಗ. ನಾಲಿಗೆಗೆ ಳಕಾರ ಹೊರಳದು,
ಮಳೆ ಅನ್ನೆಂದರೆ ಮಲೆ. ನಾನು ನಗುತ್ತಿರಲಿಲ್ಲ;
ತಿಂಗಳಿಗೆ ಹನ್ನೆರಡು ರೂಪಾಯಿಯ ಮುನ್ಶಿ ನಗಬಾರದು.

ಆಯುಧಕ್ಕೆ ನಿಮ್ಮ ಜನ ಏನನ್ನುತ್ತಾರೆ, ಕೇಳಿದ ಒಂದು ಸಂಜೆ.
ಹತಾರ, ಅಂದೆ.
ಬಡಿಗನ ಉಳಿಯೂ ಹತಾರ, ಕಂಬಾರನ ಇಕ್ಕಳವೂ ಹತಾರ
ಎಂಬುದನ್ನು ನಾಳೆ ಹೇಳಿದರಾಯಿತು ಅಂದುಕೊಂಡೆ.
ಮನೆಯಲ್ಲಿ ಮಗಳಿಗೆ ಜ್ವರ. ಅವಸರವಿತ್ತು.

ಮೂರನೆಯ ದಿನ ಹುಕುಂ ಹೊರಟಿತು, ನನ್ನದೇ ಅಕ್ಷರದಲ್ಲಿ:
ಹತಾರವೆಲ್ಲ ಚಾವಡಿಗೆ ತಂದೊಪ್ಪಿಸತಕ್ಕದ್ದು.

ಹೊಳೆಯಾಚೆಯ ಊರಿಂದ ಮೊದಲು ಬಂದವಳು ದುರಗವ್ವ,
ಬೇಡರ ಮುದುಕಿ, ಸೆರಗಲ್ಲಿ ಈಳಿಗೆ ಸುತ್ತಿಕೊಂಡು.
"ಇದನೂ ಒಯ್ತೀರೇನ್ರೀ? ಬದನಿಕಾಯಿ ಹಲ್ಲೀಲೆ ಹೆಚ್ಚಲೇನು?"
ಸಾಹೇಬ ಅದನ್ನೂ ಬರೆಸಿದ. ನಂಬರ್ ಒಂದು.

ಎರಡನೆಯ ನಂಬರಿಗೆ ಯಾರೂ ಬರಲಿಲ್ಲ.
ಗಂಡಸರು ಗುಡ್ಡ ಹತ್ತಿದ್ದರು.

ಆಮೇಲಿನದು ದಫ್ತರದಲ್ಲಿದೆ: ಪಲ್ಟಣ, ಬೆಂಕಿ, ನೇಣು.
ಹೆಸರುಗಳನ್ನು ನಾನೇ ಬರೆದೆ; ಕಾಗುಣಿತ ತಪ್ಪಲಿಲ್ಲ.
ಸಾಹೇಬನಿಗೆ ಬಡ್ತಿ; ಬೆಳಗಾವಿ ಕ್ಯಾಂಪಿನಲ್ಲಿ ಬಂಗಲೆ,
ಎರಡು ಕುದುರೆ, ಮುಂದೆ ಪುಣೆ, ಅದರ ಮುಂದೆ ಹಡಗು.
ಹೊರಡುವಾಗ ನನಗೊಂದು ಶಾಲು ಹೊದಿಸಿ
ಮುಗಿಲು ನೋಡಿ "ಮಳೆ ಬರ್ತದೆ" ಅಂದ.
ಳಕಾರ ಸರಿಯಾಗಿತ್ತು.

ಶಾಲು ನುಸಿ ತಿಂದಿದೆ.
ಈಳಿಗೆ ನನ್ನಲ್ಲಿದೆ, ಲಿಲಾವಿನಲ್ಲಿ ಎರಡಾಣೆ ಕೊಟ್ಟು ಬಿಡಿಸಿಕೊಂಡೆ.
ಮರಳಿಸಿ ಬರೋಣವೆಂದು ಎರಡು ಸಲ ಘಟಪ್ರಭೆಯ ದಂಡೆಗೆ ಹೋದೆ.
"ಯಾವೂರಿಗ್ರೀ?" ಅಂದ ಹರಿಗೋಲಿನವ.
ಆ ಊರಿನ ಹೆಸರು ಬರೆಯಬಲ್ಲೆ.
ಆಡಲಾಗಲಿಲ್ಲ.