ಕೊಳಗ

ಈ ಭಾನುವಾರ ನನ್ನ ಸರದಿ.
ಮಳವಳ್ಳಿ ಸಭೆಗೆ ಹೊರಟ ಅಯ್ಯನವರು
ಬಾಗಿಲಲ್ಲೇ ನಿಂತು, ದೀಪದ ಮಾತು ತಕೊ ಹನ್ನಮ್ಮ,
ಹತ್ತು ನಿಮಿಷ ಸಾಕು, ಅಂದು ಹೆಲ್ಮೆಟ್ಟು ಹಾಕಿಕೊಂಡರು.

ಸಕ್ಕರೆ ಕಾರ್ಖಾನೆ ಉಸಿರು ಬಿಡುವ ಹೊತ್ತು,
ಗುತ್ತಲು ರಸ್ತೆ ಉದ್ದಕ್ಕೂ ಕಾಕಂಬಿ ವಾಸನೆ.
ಮಗ್ಗಿ ಒಪ್ಪಿಸುವ ಮೊಮ್ಮಗಳ ಪಕ್ಕ ಕೂತು
ಮೊಬೈಲಿನಲ್ಲಿ ಅಧ್ಯಾಯ ತೆರೆದೆ.
ಹಚ್ಚಿದ ದೀಪದ ಮೇಲೆ ಯಾರೂ ಕವುಚದ ಆ ಪಾತ್ರೆ,
ಅದರ ಹೆಸರಿನ ಮೇಲೆ ಬೆರಳು ಒತ್ತಿ ಹಿಡಿದೆ.
ಪುಟ್ಟ ಕಿಟಕಿ ತೆರೆದು ಹೇಳಿತು:
ಕೊಳಗ. ನಾಮಪದ. ದನದ ಗೊರಸು.

ಗೊರಸೇ!
ದೀಪದ ಮೇಲೆ ಎತ್ತಿನ ಕಾಲು ಬಂದು ನಿಂತಿತು.
ಮುಚ್ಚಿದೆ, ಮತ್ತೆ ಒತ್ತಿದೆ. ಮತ್ತೆ ಗೊರಸು.
ಹದಿಮೂರ್ ಮೂರ್ಲೆ ಮರೆತು ಮೊಮ್ಮಗಳು ನಕ್ಕಳು.

ಸಂಜೆ ಇಮ್ದಾದನ ಅಂಗಡಿ.
ಒಡೆದ ಗಾಜುಗಳ ನಡುವೆ ತಲೆಯೆತ್ತದೆ ಹೇಳಿದ:
ಆರು ನಿಘಂಟವೆ ಕಣಮ್ಮ ಇದ್ರೊಳಗೆ,
ಮೇಲಿರೋದೇ ಮೊದ್ಲು ಬಾಯಿ ಬಿಡೋದು.
ಈ ಮೂರು ಚುಕ್ಕಿ ಒತ್ತಿ. ಇಲ್ಲಿ ನೋಡಿ, ಪಟ್ಟಿ.
ಯಾವ್ದು ಇಷ್ಟನೋ ಅದ್ನ ಎಳ್ದು ತಲೆ ಮೇಲೆ ಕೂರ್ಸಿ.
ಯಾವ್ದು ಇಷ್ಟ?

ಅರವತ್ತೊಂದು ವರ್ಷಕ್ಕೆ
ಅರ್ಥ ಯಾವುದು ಬೇಕೆಂದು ಕೇಳಿದವನು ಇವನೊಬ್ಬ.
ಅಯ್ಯನವರಾದರೂ ಹೇಳುತ್ತಿದ್ದರು, ಕೇಳುತ್ತಿರಲಿಲ್ಲ.
ನಾಲ್ಕನೆಯದನ್ನು ಎಳೆದೆ. ಜಾರಿತು. ಮತ್ತೆ ಎಳೆದೆ.
ಬೆರಳಡಿ ಗಡಗಡ ಅಂದು ಮೇಲೆ ಹೋಗಿ ಕೂತಿತು.

ಕೊಳಗ: ಧಾನ್ಯ ಅಳೆಯುವ ಪಾತ್ರೆ. ನಾಲ್ಕು ಬಳ್ಳ.
ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ.

ಸರಿ. ಸರಿಯೇ.
ಇಪ್ಪತ್ತು ರೂಪಾಯಿ ಕೊಟ್ಟೆ, ಅವನು ತಕೊಳ್ಳಲಿಲ್ಲ.

ರಾತ್ರಿ ನಿದ್ದೆ ಹತ್ತಲಿಲ್ಲ.
ನನಗೆ ಗೊತ್ತಿಲ್ಲದ ಕೊಳಗವೇ ಅದು?
ಸುಗ್ಗಿ ಮುಗಿದ ಸಂಜೆ ಗೌಡರ ಕಣದ ಅಂಚಿನಲ್ಲಿ
ಅವ್ವ ಸೆರಗೊಡ್ಡಿ ನಿಲ್ಲುತ್ತಿದ್ದಳು, ದೂರದಿಂದ.
ಕೂಲಿ ಅಳೆಯುವ ಕೊಳಗವೇ ಬೇರೆ. ಅದರ ತಳ
ಒಳಕ್ಕೆ ಉಬ್ಬಿತ್ತು, ಒಂದು ಹಿಡಿಯಷ್ಟು.
ಮುಟ್ಟಿ ನೋಡುವ ಹಾಗಿರಲಿಲ್ಲ.
ಮನೆಗೆ ಬಂದು ರಾಗಿ ಮೊರಕ್ಕೆ ಸುರಿದು
ಅವ್ವ ತನ್ನ ಮುಷ್ಟಿಯನ್ನೇ ದಿಟ್ಟಿಸಿ ಕೂರುತ್ತಿದ್ದಳು.

ಎದ್ದು ಮತ್ತೆ ಪಟ್ಟಿ ತೆರೆದೆ.
ಒಂದೊಂದಾಗಿ ಆರನ್ನೂ ಮೇಲಕ್ಕೆಳೆದು ಕೇಳಿದೆ.
ಒಂದು ಲೀಟರಿನ ಲೆಕ್ಕ ಕೊಟ್ಟಿತು,
ಒಂದು ಗ್ರೀಕಿನಲ್ಲಿ ಏನೋ ಅಂದಿತು,
ಒಂದು, ಈ ಪದ ಸಿಗಲಿಲ್ಲ.
ಆ ಒಂದು ಹಿಡಿಯ ಸುದ್ದಿ ಯಾವುದೂ ಎತ್ತಲಿಲ್ಲ.
ನಾಲ್ಕನೆಯದನ್ನೇ ಮೇಲೆ ಬಿಟ್ಟೆ. ಎರಡನೆಯದಕ್ಕೆ ಗೊರಸು.
ಇರಲಿ, ಅದೂ ಸುಳ್ಳಲ್ಲವಲ್ಲ.

ಭಾನುವಾರ ಪೀಠದ ಮೇಲೆ ಫೋನು ಕಪ್ಪಾಗಿ ಮಲಗಿತ್ತು.
ಬೆಳಕಿಗೆ ಕವುಚುವ ಪಾತ್ರೆಗೂ ಒಂದು ತಳ ಇರುತ್ತೆ, ಅಂದೆ.
ತಳದ ಕತೆ ಹೇಳಿದೆ, ನಮ್ಮವ್ವ ಅಂತಲೇ ಹೇಳಿದೆ.
ಫ್ಯಾನಿನ ಸದ್ದು ಬಿಟ್ಟರೆ ಸದ್ದಿಲ್ಲ.
ಆಗ ಮೂರನೇ ಬೆಂಚಿನ ಸಂತೋಷಮ್ಮ,
ಕೀಲುನೋವಿಗೆ ಎಣ್ಣೆ ಹಚ್ಚಿಕೊಂಡು ಬರುವ ಮುದುಕಿ,
ಪ್ರಸಂಗದ ನಡುವೆಯೇ ಎದ್ದು ನಿಂತು
ಮುಷ್ಟಿ ಎರಡೂ ಎತ್ತಿ ತೋರಿಸಿದಳು:

ಒಂದ್ ಹಿಡಿಯಲ್ಲ ಕಣವ್ವ,
ಎರಡು.