ಕೊನೆಯ ಮಾತು ಮೊದಲು

ಹುಟ್ಟುವ ಗಳಿಗೆಯಲ್ಲೇ ಉಯಿಲು ಬರೆದಿಡಬೇಕು,
ಎಂಕ್ಯೂಟಿಟಿಯ ರಿವಾಜು ಅದು.
ಮೊದಲ ಪೊಟ್ಟಣದಲ್ಲೇ ಹೋಗಬೇಕು ಎಲ್ಲ:
ಹೆಸರು, ಪಾಸ್‌ವರ್ಡು, ಎಷ್ಟು ಸೆಕೆಂಡಿಗೊಮ್ಮೆ ಉಸಿರು,
ಆಮೇಲೆ, ಹೇಳದೆ ಕೇಳದೆ ನಾನು ಸುಮ್ಮನಾದರೆ
ನನ್ನ ಬದಲು ಆಡಿಬಿಡಿ ಎಂದು ಒಂದು ಮಾತು.

ಚಿಲೋಯೆ ದ್ವೀಪ. ಆಗಸ್ಟಿನ ಚಳಿ.
ಕಡಲೊಳಗೆ ಕಂಬ ನೆಟ್ಟು ನಿಲ್ಲಿಸಿದ ಮನೆಯಲ್ಲಿ
ಕಟ್ಟಿಗೆಯ ಒಲೆಗೆ ಬೆನ್ನು ಕೊಟ್ಟು ನಾನಿದನ್ನು ಹೇಳುತ್ತಿದ್ದರೆ
ಬೆಲಿಸಾರಿಯೊ ಆಲೂಗಡ್ಡೆಯ ಸಿಪ್ಪೆ ಹೆರೆಯುತ್ತ,
"ಹೊಸದೇನಿದೆ ಯಾಸ್ನಾ?" ಅಂದ.
"ದೋಣಿ ಬಿಚ್ಚುವ ಮುಂಚೆ ನಾವೂ
ಓತಿಲಿಯಾಳ ಅಂಗಡಿಯಲ್ಲಿ ಹೇಳಿ ಹೋಗುತ್ತಿದ್ದೆವು:
ಎರಡನೆಯ ಉಬ್ಬರಕ್ಕೂ ಬರದಿದ್ದರೆ
ನನ್ನ ಭಾವಮೈದುನನಿಗೆ ತಿಳಿಸು, ಬೇರೆ ಯಾರಿಗೂ ಬೇಡ."

ಹೌದು, ಹಾಗೆಯೇ. ನಡುವೆ ಒಬ್ಬಳು ಓತಿಲಿಯಾ.
ಸೆನ್ಸರಿಗೆ ಗೊತ್ತಿಲ್ಲ ಯಾರು ಕೇಳುತ್ತಾರೆಂದು,
ಕೇಳುವವರಿಗೆ ಗೊತ್ತಿಲ್ಲ ಅದು ಯಾವ ಹಗ್ಗಕ್ಕೆ ಜೋತುಬಿದ್ದಿದೆಯೆಂದು.
ಅವಳಿಗೆ ಗೊತ್ತು. ಉಪ್ಪಿನಂಶ ಬೇಕೆಂದವರಿಗೆ ಉಪ್ಪು,
ಆಮ್ಲಜನಕ ಬೇಕೆಂದವರಿಗೆ ಆಮ್ಲಜನಕ,
ಏನೂ ಕೇಳದವರಿಗೆ ಏನೂ ಇಲ್ಲ.
ತಡವಾಗಿ ಬಂದವರಿಗೆಂದು
ಕೊನೆಯದೊಂದು ಅಂಕಿಯನ್ನು
ಗಲ್ಲಾಪೆಟ್ಟಿಗೆಯ ಪಕ್ಕ ಎತ್ತಿಟ್ಟಿರುತ್ತಾಳೆ.

ಪಚ್ಚಿಲೆ ಬೆಳೆಯುವ ತೆಪ್ಪ ನಾಲ್ಕು. ನಾಲ್ಕಕ್ಕೂ ಒಂದೊಂದು ಡಬ್ಬಿ.
ಮೂರನೆಯದರ ಕೋಡನ್ನು ನಾಲ್ಕನೆಯದಕ್ಕೆ ನಕಲಿಸಿದವಳು ನಾನೇ,
ನಿದ್ದೆಗಣ್ಣಲ್ಲಿ. ಹೆಸರು ಬದಲಿಸಲಿಲ್ಲ.

ಆ ರಾತ್ರಿ ಶುರುವಾಯಿತು.
ಒಂದು ಒಳಗೆ ಬಂತು, ಇನ್ನೊಂದು ಹೊರಗೆ ಬಿತ್ತು,
ಒಂದು ಹೆಸರಿಗೆ ಒಂದೇ ಕುರ್ಚಿ.
ಬಿದ್ದದ್ದು ಎದ್ದು ಬಂತು, ಕೂತದ್ದು ಉರುಳಿತು.
ಉರುಳಿದಾಗೆಲ್ಲ ಉಯಿಲು ಓದಲಾಯಿತು.
ಬೆಲಿಸಾರಿಯೊನ ಫೋನಿನಲ್ಲಿ
ತೆಪ್ಪ ಮೂರು: ಇಲ್ಲ. ಇದೆ. ಇಲ್ಲ. ಇದೆ. ಇಲ್ಲ.
ಒಂದೇ ನಿಮಿಷದಲ್ಲಿ ಹದಿನೇಳು ಸಾವು.

ನಾನು ಮಲಗಿದ್ದೆ.
ಅವನು ಮೂರು ಗಂಟೆಗೆ ಹುಟ್ಟು ಹಾಕುತ್ತ ಹೋದ,
ಹಗ್ಗ ಹರಿದಿದೆಯೆಂದೋ, ಕಡಲಸಿಂಹ ನುಗ್ಗಿದೆಯೆಂದೋ.
ಏನೂ ಆಗಿರಲಿಲ್ಲ. ಎರಡು ತೆಪ್ಪ, ಎರಡು ಹಸಿರು ದೀಪ,
ಒಂದಾದ ಮೇಲೊಂದು ಮಿನುಗುತ್ತ.

ಬೆಳಿಗ್ಗೆ ಎರಡನ್ನೂ ಬಿಚ್ಚಿ ಕಂಕುಳಲ್ಲಿ ತಂದು,
ಬೂಟಿನ ನೀರು ಚೆಲ್ಲುತ್ತ ಅಂದ:
"ಎರಡೂ ಬದುಕಿವೆ. ಹೆಸರು ಒಂದೇ ಇರಬೇಕು, ನೋಡು."
ಹೇಗೆ ಗೊತ್ತಾಯಿತು ಅಂದೆ.

ಅವನಿಗಿಂತ ಮುಂಚೆ ಒಬ್ಬ ಬೆಲಿಸಾರಿಯೊ ಇದ್ದನಂತೆ.
ಆರು ವರ್ಷದವನು, ಇದೇ ಕೊಲ್ಲಿಯಲ್ಲಿ ಮುಳುಗಿದ.
ಮರುವರ್ಷ ಹುಟ್ಟಿದವನಿಗೆ ಅದೇ ಹೆಸರು, ಅದೇ ಉಣ್ಣೆಯ ಟೋಪಿ.
"ಅಮ್ಮ ಊಟಕ್ಕೆ ಕೂಗಿದಾಗಲೆಲ್ಲ
ಒಂದು ಕ್ಷಣ ತಡೆಯುತ್ತಿದ್ದೆ.
ಅವನು ಮೊದಲು ಹೋಗಲಿ ಅಂತ."

ಒಲೆಯಲ್ಲಿ ಹಸಿ ಕಟ್ಟಿಗೆ ಸಿಡಿಯಿತು.
ಒಂದು ಅಂಕಿ ಅಳಿಸಿ ಇನ್ನೊಂದು ಬರೆದೆ.
ಮೂರು. ನಾಲ್ಕು. ಕೆಲಸ ಅಷ್ಟೇ ಇದ್ದದ್ದು.

ಉಯಿಲನ್ನು ಮಾತ್ರ ಅವನೇ ತಿದ್ದಿದ.
"ಆಫ್‌ಲೈನ್ ಅಂದರೇನು? ಸತ್ತಿತೋ, ಮುನಿಸಿಕೊಂಡಿತೋ?
ಹೀಗೆ ಬರೆದರೆ ಯಾರು ದೋಣಿ ಇಳಿಸುತ್ತಾರೆ?"
ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತಿದ:
ಬಂದು ನೋಡಿ.

ಮುಚ್ಚಳದ ಅಂಚಿಗೆ ಮೇಣ ಬಳಿದೆವು.
ಮಧ್ಯಾಹ್ನದ ಇಳಿತದಲ್ಲಿ ಹೋಗಿ ಕಟ್ಟಿ ಬಂದೆವು.
ಮೊದಲ ಅಂಕಿ ನಾಲ್ಕರಿಂದ ಬಂತು,
ಹತ್ತು ಪಾಯಿಂಟ್ ಆರು ಡಿಗ್ರಿ.
ಮೂರರದು ಇನ್ನೂ ಬಂದಿರಲಿಲ್ಲ.
ಬೆಲಿಸಾರಿಯೊ ತಟ್ಟೆಯ ಆಲೂಗಡ್ಡೆ ಆರಲು ಬಿಟ್ಟು
ಫೋನು ಹಿಡಿದು
ಕಿಟಕಿಯತ್ತ ತಿರುಗಿ ಕೂತ.